ವಾರ್ಮ್ ಸ್ಪ್ರಿಂಗ್ಸ್: ಉಗುರುಬೆಚ್ಚಗಿನ ನೀರಿನ ಊರು

ಅಮೆರಿಕದ ಜಾರ್ಜಿಯಾ ರಾಜ್ಯದ ಪೈನ್ ಮೌಂಟನ್ ಗುಡ್ಡಸಾಲಿನ ಮೇಲೆ ಬೀಳುವ ಮಳೆಯ ನೀರು ಬಂಡೆಯ ಬಿರುಕುಗಳ ಮೂಲಕ ಸಾವಿರಾರು ಅಡಿ ಆಳಕ್ಕೆ ಇಳಿಯುತ್ತದೆ. ಭೂಮಿಯೊಳಗೆ ಆಳಕ್ಕೆ ಹೋದಷ್ಟೂ ಕಾವು ಹೆಚ್ಚು. ಅಲ್ಲಿ ಕಾದ ನೀರು ಒತ್ತಡದಿಂದ ಮತ್ತೆ ಮೇಲೇರಿ, ಸುಮಾರು 31 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಹೊರಬರುತ್ತದೆ. ಬಚ್ಚಲ ಹಂಡೆಯ ನೀರಿಗೆ ಹೋಲಿಸಿದರೆ ಇದು ಬಿಸಿಯೇ ಅಲ್ಲ, ಬರೀ ಉಗುರುಬೆಚ್ಚಗೆ. ಆದರೂ ಅಲ್ಲಿನ ಹಳ್ಳಿಗೆ ವಾರ್ಮ್ ಸ್ಪ್ರಿಂಗ್ಸ್ ಎಂದೇ ಹೆಸರು.

ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಥಿತಿವಂತರು ಬೇಸಿಗೆ ಕಳೆಯಲು ಇಲ್ಲಿಗೆ ಬರುತ್ತಿದ್ದರು. 1920ರ ದಶಕದ ಹೊತ್ತಿಗೆ ಇಲ್ಲಿನ ಹೋಟೆಲು ಹಳೆಯದಾಗಿ, ಊರು ಕಳೆಗುಂದಿತ್ತು. 1924ರ ಅಕ್ಟೋಬರಿನಲ್ಲಿ ಅಲ್ಲಿಗೆ ಬಂದವರು ಫ್ರಾಂಕ್ಲಿನ್ ರೂಸ್‌ವೆಲ್ಟ್. 1921ರಲ್ಲಿ, 39ನೆಯ ವಯಸ್ಸಿನಲ್ಲಿ, ಪೋಲಿಯೊ ಬಡಿದು ಅವರ ಕಾಲುಗಳು ಸ್ವಾಧೀನ ತಪ್ಪಿದ್ದವು. ಕೊಳಕ್ಕಿಳಿದಾಗ ಆ ಕಾಲುಗಳು ತುಸು ಆಡಿದವು.

ಇದರಲ್ಲಿ ಪವಾಡವೇನೂ ಇಲ್ಲ. ಪೋಲಿಯೊ ವೈರಸ್ ಬೆನ್ನುಹುರಿಯ ನರಕೋಶಗಳನ್ನು ಕೊಲ್ಲುತ್ತದೆ. ಸತ್ತ ಕೋಶಕ್ಕೆ ಯಾವ ಖನಿಜಜಲವೂ ಜೀವ ಕೊಡಲಾರದು. ಆದರೆ ನೀರು ಮೈಭಾರವನ್ನು ಹೊತ್ತುಕೊಳ್ಳುತ್ತದೆ. ನೆಲದ ಮೇಲೆ ಎತ್ತಲಾಗದ ಕಾಲನ್ನು ನೀರಿನೊಳಗೆ ಉಳಿದಷ್ಟು ಸ್ನಾಯುವೇ ಆಡಿಸಬಲ್ಲದು. ನೀರು ಬೆಚ್ಚಗಿದ್ದರೆ ಚಳಿ ಹಿಡಿಯದೆ ಬಹಳ ಹೊತ್ತು ವ್ಯಾಯಾಮ ಮಾಡಬಹುದು. ಆರ್ಕಿಮಿಡೀಸ್ ಕಂಡುಕೊಂಡದ್ದೇ ಇಲ್ಲಿ ಔಷಧ!

ಸುದ್ದಿ ಪತ್ರಿಕೆಗಳಲ್ಲಿ ಬಂತು. ಮರುವರ್ಷ ಎಲ್ಲೆಲ್ಲಿಂದಲೋ ರೋಗಿಗಳು ಹೇಳದೆ ಕೇಳದೆ ರೈಲಿನಲ್ಲಿ ಬಂದಿಳಿದರು. ಸೋಂಕಿನ ಭಯದಿಂದ ಹೋಟೆಲಿನ ಇತರ ಅತಿಥಿಗಳು ಅವರ ಜೊತೆ ಊಟಕ್ಕೆ ಕೂರಲು, ಕೊಳಕ್ಕಿಳಿಯಲು ಒಪ್ಪಲಿಲ್ಲ. ರೂಸ್‌ವೆಲ್ಟ್ 1926ರಲ್ಲಿ ತಮ್ಮ ಆಸ್ತಿಯ ಬಹುಪಾಲು ಸುರಿದು ಜಾಗವನ್ನೇ ಕೊಂಡರು; ಮರುವರ್ಷ ಲಾಭದಾಸೆಯಿಲ್ಲದ ಪ್ರತಿಷ್ಠಾನ ಕಟ್ಟಿದರು. ತಾವೇ ಕೊಳಕ್ಕಿಳಿದು ವ್ಯಾಯಾಮ ಹೇಳಿಕೊಡುತ್ತಿದ್ದ ಅವರನ್ನು ರೋಗಿಗಳು ‘ಡಾಕ್ಟರ್ ರೂಸ್‌ವೆಲ್ಟ್’ ಎನ್ನುತ್ತಿದ್ದರು. ಮನೆಯ ಮೂಲೆಯಲ್ಲಿ ಮುಚ್ಚಿಟ್ಟು ಬೆಳೆಸಿದ್ದ ಮಕ್ಕಳು ಇಲ್ಲಿ ನಾಟಕವಾಡಿದರು, ಇಸ್ಪೀಟಾಡಿದರು, ಪ್ರೀತಿಸಿ ಮದುವೆಯೂ ಆದರು. ಗಾಲಿಕುರ್ಚಿಯನ್ನು ತಿರುಗಿ ನೋಡುವವರೇ ಅಲ್ಲಿರಲಿಲ್ಲ. ನೀರಿಗಿಂತ ದೊಡ್ಡ ಚಿಕಿತ್ಸೆ ಇದೇ ಇರಬೇಕು.

ಆದರೆ ಈ ಕೊಳ ಎಲ್ಲರದ್ದೂ ಆಗಿರಲಿಲ್ಲ. ಕರಿಯರು ಇಲ್ಲಿ ಅಡುಗೆ ಮಾಡಬಹುದಿತ್ತು, ಗಾಲಿಕುರ್ಚಿ ತಳ್ಳಬಹುದಿತ್ತು, ರೋಗಿಯಾಗಿ ಸೇರುವಂತಿರಲಿಲ್ಲ. ಅವರ ಮಕ್ಕಳಿಗೆಂದು ಅಲಬಾಮಾದ ಟಸ್ಕೀಗಿಯಲ್ಲಿ ಪ್ರತ್ಯೇಕ ಪೋಲಿಯೊ ಕೇಂದ್ರ ತೆರೆದದ್ದು 1941ರಲ್ಲಿ. ಇದೇ ಹಳ್ಳಿಯ ಕರೆಂಟು ಬಿಲ್ಲು ನ್ಯೂಯಾರ್ಕಿನ ತಮ್ಮ ಮನೆಯ ದರಕ್ಕಿಂತ ನಾಲ್ಕು ಪಟ್ಟು ಎಂದು ಕಂಡುಕೊಂಡ ರೂಸ್‌ವೆಲ್ಟ್, ಅಧ್ಯಕ್ಷರಾದ ಮೇಲೆ 1935ರಲ್ಲಿ ಗ್ರಾಮೀಣ ವಿದ್ಯುದೀಕರಣಕ್ಕೆಂದೇ ಇಲಾಖೆ ಸ್ಥಾಪಿಸಿದರು. ಆ ಅನ್ಯಾಯ ಕಂಡ ಕಣ್ಣಿಗೆ ಕೊಳದ ಅನ್ಯಾಯ ಅಷ್ಟಾಗಿ ಕಾಣಲಿಲ್ಲವೇನೋ.

ಪ್ರತಿಷ್ಠಾನಕ್ಕೆ ಹಣ ಸಾಲದಾದಾಗ 1934ರಿಂದ ಅಧ್ಯಕ್ಷರ ಹುಟ್ಟುಹಬ್ಬದಂದು ಊರೂರುಗಳಲ್ಲಿ ನೃತ್ಯಕೂಟಗಳು ನಡೆದವು. 1938ರಲ್ಲಿ ಪೋಲಿಯೊ ವಿರುದ್ಧ ರಾಷ್ಟ್ರೀಯ ಪ್ರತಿಷ್ಠಾನ ಹುಟ್ಟಿತು. ಜನ ಹತ್ತು ಸೆಂಟಿನ ‘ಡೈಮ್’ ನಾಣ್ಯಗಳನ್ನು ಲಕೋಟೆಯಲ್ಲಿಟ್ಟು ನೇರ ಶ್ವೇತಭವನಕ್ಕೇ ಕಳಿಸಿದರು. ಈ ಚಿಲ್ಲರೆ ಕಾಸೇ ಮುಂದೆ ಜೋನಾಸ್ ಸಾಲ್ಕ್ ಅವರ ಲಸಿಕೆ ಸಂಶೋಧನೆಗೆ ಆಸರೆಯಾಯಿತು.

ರೂಸ್‌ವೆಲ್ಟ್ 1945ರ ಏಪ್ರಿಲ್ 12ರಂದು ವಾರ್ಮ್ ಸ್ಪ್ರಿಂಗ್ಸ್‌ನ ತಮ್ಮ ಪುಟ್ಟ ಮನೆಯಲ್ಲಿ, ಕಲಾವಿದೆಯೊಬ್ಬರು ಚಿತ್ರ ಬರೆಯುತ್ತಿದ್ದಾಗ ಕುಸಿದು ತೀರಿಕೊಂಡರು. ಸರಿಯಾಗಿ ಹತ್ತು ವರ್ಷಕ್ಕೆ, 1955ರ ಏಪ್ರಿಲ್ 12ರಂದು, ಸಾಲ್ಕ್ ಲಸಿಕೆ ಸುರಕ್ಷಿತ, ಪರಿಣಾಮಕಾರಿ ಎಂದು ಘೋಷಣೆಯಾಯಿತು. ನಮ್ಮ ಮಕ್ಕಳ ಬಾಯಿಗೆ ಬಿದ್ದ ಎರಡು ಹನಿ ಆಲ್ಬರ್ಟ್ ಸೇಬಿನ್ ಅವರದ್ದು. ಅವರ ಸಂಶೋಧನೆಗೂ ಇದೇ ಪ್ರತಿಷ್ಠಾನದ ನೆರವಿತ್ತು. ಲಸಿಕೆ ಹರಡಿದಂತೆ ವಾರ್ಮ್ ಸ್ಪ್ರಿಂಗ್ಸ್‌ಗೆ ಬರುವ ಪೋಲಿಯೊ ಮಕ್ಕಳು ಕಡಿಮೆಯಾದರು. 1974ರಲ್ಲಿ ಸಂಸ್ಥೆ ಜಾರ್ಜಿಯಾ ಸರ್ಕಾರದ ಕೈಸೇರಿತು. ಹಳೆಯ ಕೊಳಗಳು ಈಗ ವಸ್ತುಸಂಗ್ರಹಾಲಯದ ಭಾಗ. ಅರ್ಧಕ್ಕೇ ನಿಂತ ಆ ಭಾವಚಿತ್ರವನ್ನು ಪುಟ್ಟ ಮನೆಯ ಆವರಣದಲ್ಲಿ ನೋಡಬಹುದು.