ಅವಿಭಾಜ್ಯಗಳ ನಡುವಿನ ದೂರವೆಷ್ಟು?

ಗದಗ ಮತ್ತು ಬೆಟಗೇರಿಯನ್ನು ಅವಳಿ ನಗರವೆಂದು ಕರೆಯುವುದು ರೂಢಿ. ಸಂಖ್ಯೆಗಳಲ್ಲಿಯೂ ಇಂಥ ಅವಳಿಗಳಿವೆ. 11 ಮತ್ತು 13, 17 ಮತ್ತು 19, 10,007 ಮತ್ತು 10,009 ಇವೆಲ್ಲ ಎರಡೇ ಅಂತರದ ಅವಳಿ ಅವಿಭಾಜ್ಯಗಳು. 1 ಮತ್ತು ತನ್ನನ್ನು ಬಿಟ್ಟರೆ ಬೇರಾವ ಸಂಖ್ಯೆಯಿಂದಲೂ ಶೇಷವಿಲ್ಲದೆ ಭಾಗವಾಗದ, 1ಕ್ಕಿಂತ ದೊಡ್ಡ ಸಂಖ್ಯೆಯೇ ಅವಿಭಾಜ್ಯ.

ಇಂಥ ಅವಳಿಗಳಿಗೆ ಕೊನೆಯಿದೆಯೇ? ಯಾರಿಗೂ ಇನ್ನೂ ಸಾಧಿಸಲಾಗಿಲ್ಲ. 7 ಕೋಟಿಗಿಂತ ಕಡಿಮೆ ಅಂತರದ ಅವಿಭಾಜ್ಯ ಜೋಡಿಗಳಿಗೆ ಕೊನೆಯಿಲ್ಲವೆಂದು 2013ರಲ್ಲಿ ಈಟಾಂಗ್ ಝಾಂಗ್ ಸಾಧಿಸಿದರು. ಮರುವರ್ಷವೇ ಇತರರು ಸೇರಿ ಆ 7 ಕೋಟಿಯನ್ನು 246ಕ್ಕೆ ಇಳಿಸಿದರು.

ಇದು ಹತ್ತಿರದ ಮಾತಾಯಿತು. ಇನ್ನು ದೂರದ ಮಾತು. 113ರ ನಂತರದ ಅವಿಭಾಜ್ಯ 127. ನಡುವಿನ 13 ಸಂಖ್ಯೆಗಳಲ್ಲಿ ಒಂದೂ ಇಲ್ಲ. ಇನ್ನೂ ಉದ್ದದ ಬರಡು ಬಯಲು ಬೇಕೆಂದರೆ ಉಪಾಯ ಸುಲಭ. 1ರಿಂದ 100ರವರೆಗಿನ ಸಂಖ್ಯೆಗಳನ್ನೆಲ್ಲ ಗುಣಿಸಿ, ಆ ಗುಣಲಬ್ಧಕ್ಕೆ 2, 3, 4 ಎಂದು 100ರವರೆಗೆ ಒಂದೊಂದಾಗಿ ಕೂಡಿಸಬೇಕು. ಬರುವ 99 ಸಂಖ್ಯೆಗಳೂ ಕ್ರಮವಾಗಿ 2, 3, 4ರಿಂದ ಭಾಗವಾಗುತ್ತ ಹೋಗುತ್ತವೆ. ಅವುಗಳಲ್ಲಿ ಅವಿಭಾಜ್ಯವೊಂದೂ ಇರದು.

ಹಾಗೆಂದು ಈ ಬಯಲಿಗೆ ಎಲ್ಲೆಯೇ ಇಲ್ಲವೆಂದಲ್ಲ. 1ಕ್ಕಿಂತ ದೊಡ್ಡ ಯಾವುದೇ ಸಂಖ್ಯೆ ಮತ್ತು ಅದರ ಇಮ್ಮಡಿಯ ನಡುವೆ ಒಂದು ಅವಿಭಾಜ್ಯ ಇದ್ದೇ ಇರುತ್ತದೆ. 1845ರಲ್ಲಿ ಬರ್ಟ್ರಾಂಡ್ ಊಹಿಸಿದ ಇದನ್ನು ರಷ್ಯದ ಚೆಬಿಷೆವ್ ಸಾಧಿಸಿದರು. 1919ರಲ್ಲಿ ಶ್ರೀನಿವಾಸ ರಾಮಾನುಜನ್ ಚುಟುಕಾದ ಸಾಧನೆಯೊಂದನ್ನು ಕೊಟ್ಟರು.

ಆದರೆ ಇಮ್ಮಡಿಯೆಂಬುದು ಬಹಳ ಸಡಿಲವಾದ ಎಲ್ಲೆ. ವರ್ಗಮೂಲದಷ್ಟು ದೂರ ನಡೆದರೆ ಸಾಕೇ? 10,000ದ ವರ್ಗಮೂಲ 100. 10,100 ಮುಟ್ಟುವ ಮೊದಲೇ 10,007 ಸಿಗುತ್ತದೆ. ದೊಡ್ಡ ಸಂಖ್ಯೆಗಳಿಗೆಲ್ಲ ಹೀಗೆಯೇ ಎಂಬುದು ಮಾತ್ರ ಇನ್ನೂ ಊಹೆ. ವರ್ಗಮೂಲವೆಂದರೆ 0.5 ಘಾತ. ಬೇಕರ್, ಹಾರ್ಮನ್ ಮತ್ತು ಪಿಂಟ್ಸ್ 2001ರಲ್ಲಿ 0.525 ಘಾತದವರೆಗೆ ಬಂದರೂ 0.5ರ ಗೆರೆ ಕೈಗೆಟುಕಿಲ್ಲ.

ಇಲ್ಲಿಯೇ ಕನ್ನಡನಾಡಿನ ಒಂದು ಹೆಸರು ಬರುತ್ತದೆ. ಮಂಡ್ಯದಲ್ಲಿ 1933ರಲ್ಲಿ ಹುಟ್ಟಿದ ಕೆ. ರಾಮಚಂದ್ರ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದವರು. ವರ್ಗಮೂಲದ ದೂರದಲ್ಲಿ ಅವಿಭಾಜ್ಯವೇ ಇದೆಯೆಂದು ತೋರಿಸಲಾಗದಿದ್ದರೆ, ಬಹು ದೊಡ್ಡ ಅವಿಭಾಜ್ಯ ಅಪವರ್ತನವುಳ್ಳ ಸಂಖ್ಯೆಯಾದರೂ ಇದೆಯೇ ಎಂಬ ಪ್ರಶ್ನೆಯನ್ನು ಅವರು ಎತ್ತಿಕೊಂಡರು. ಆ ಅಪವರ್ತನ ಮೂಲ ಸಂಖ್ಯೆಯ 15/26 ಘಾತವನ್ನು ಮೀರುತ್ತದೆಂದು 1969ರಲ್ಲಿ ಸಾಧಿಸಿ, ಮರುವರ್ಷ ಅದನ್ನು 5/8ಕ್ಕೆ ಏರಿಸಿದರು. ಘಾತ 1 ಮುಟ್ಟಿದರೆ ಆ ಸಂಖ್ಯೆಯೇ ಅವಿಭಾಜ್ಯ, ಮೂಲ ಪ್ರಶ್ನೆಯೂ ಬಗೆಹರಿದಂತೆ. ನಂತರದವರು ಅದನ್ನು 0.7ರ ಆಚೆಗೆ ಒಯ್ದಿದ್ದಾರೆ.

ರಾಮಚಂದ್ರ 1978ರಲ್ಲಿ ಆರ್. ಬಾಲಸುಬ್ರಮಣಿಯನ್ ಅವರೊಡನೆ ಹಾರ್ಡಿ-ರಾಮಾನುಜನ್ ಜರ್ನಲ್ ಆರಂಭಿಸಿದರು, 2011ರಲ್ಲಿ ತೀರಿಕೊಂಡರು. ಬಾಗಿಲು ತೆರೆಯದಿದ್ದಾಗ ಕಿಟಕಿಯನ್ನಾದರೂ ತೆರೆದು ನೋಡಿದವರು ಅವರು. ಗಣಿತದಲ್ಲಿ ಇದು ಸಣ್ಣ ಕೆಲಸವಲ್ಲ.