ತಾರಸಿ ಸೋರಿದರೆ ಖರ್ಚು ಯಾರದ್ದು?

ಬಡ್ಡಿ ಸಾಲ ಬೇಡವೆಂದು ಬಾಡಿಗೆ ಕಟ್ಟುತ್ತಲೇ ಮನೆ ಸ್ವಂತ ಮಾಡಿಕೊಳ್ಳುವ ಕರಾರಿಗೆ ನಮ್ಮಲ್ಲಿ ಕೆಲವರು ಮುಂದಾಗುತ್ತಾರೆ. ತಕರಾರು ಶುರುವಾಗೋದು ಆಟಿಯ ಮಳೆಗೆ. ತಾರಸಿ ಸೋರಿದರೆ ಮಾಲಕರು "ಮನೆ ನಿಮ್ಮದೇ ಅಲ್ವಾ, ನೀವೇ ಮಾಡಿಸಿ" ಅಂತಾರೆ. ಕಂತು ತಪ್ಪಿದರೆ "ಮನೆ ನನ್ನದು, ಖಾಲಿ ಮಾಡಿ" ಅಂತಾರೆ!

ಇಸ್ಲಾಮಿನ ಇಜಾರ (ಬಾಡಿಗೆ) ನಿಯಮದಲ್ಲಿ ಒಡೆತನ ಇರುವವರೆಗೆ ತಾರಸಿ, ಗೋಡೆಯಂಥ ದೊಡ್ಡ ರಿಪೇರಿ ಮಾಲಕರದ್ದೇ. ನಲ್ಲಿ, ಬಲ್ಬಿನಂಥ ದಿನಬಳಕೆಯದ್ದು ವಾಸವಿರುವವರದ್ದು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ, ಮಾಲಕರು ಮಾಡಲೇಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಮಾಡದಿದ್ದರೆ ನಾವೇ ಮಾಡಿಸಿ ಬಾಡಿಗೆಯಲ್ಲಿ ಕಳೆಯಬಹುದು. ಆದರೆ 'ಮಾಡಲೇಬೇಕಾದ್ದು' ಯಾವುದೆಂದು ಕರಾರಿನಲ್ಲಿ ಇರಬೇಕಲ್ಲ? ಪರಿಚಯದವರೆಂದು ಬಾಯಿಮಾತಿಗೆ ಬಿಡುವುದೇ ನಮ್ಮ ರೂಢಿ. ಬೀಗದ ಕೈ ಪಡೆಯುವ ಮೊದಲೇ ತಾರಸಿ, ಬಾವಿಯ ಪಂಪು, ವಯರಿಂಗ್ ಒಂದೊಂದನ್ನೂ ಹೆಸರಿಸಿ ಬರೆಸಿಕೊಳ್ಳೋಣ.