‘ಏನೂ ಆಗಿಲ್ಲ ಬಿಡಿ’ ಅನ್ನೋ ಮೊದಲು

ಬೈಕಿನಿಂದ ಬಿದ್ದ ತಕ್ಷಣ ನಮ್ಮ ಜನ ಮಾಡೋ ಮೊದಲ ಕೆಲಸ ಏನು ಗೊತ್ತಾ? ಎದ್ದು ನಿಂತು ಪ್ಯಾಂಟಿನ ಧೂಳು ಕೊಡವಿಕೊಳ್ಳೋದು. ಎರಡನೆಯದು, ‘ಏನೂ ಆಗಿಲ್ಲ ಬಿಡಿ’ ಅನ್ನೋದು. ಸುತ್ತ ಸೇರಿದವರಲ್ಲಿ ಒಬ್ಬರು ನೀರು ಕೊಡ್ತಾರೆ, ಇನ್ನೊಬ್ಬರು ರಾಜಿ ಪಂಚಾಯ್ತಿ ಶುರು ಮಾಡ್ತಾರೆ. ಗುದ್ದಿದ ಕಾರಿನವನು ಒಂದೆರಡು ಸಾವಿರ ಕೊಟ್ಟು ಹೊರಟುಬಿಡ್ತಾನೆ. ಹತ್ತು ನಿಮಿಷದಲ್ಲಿ ಕೇಸ್ ಕ್ಲೋಸ್. ಆದರೆ ವೀಕ್ಷಕರೇ, ಆ ಹತ್ತು ನಿಮಿಷದಲ್ಲಿ ನಿಮ್ಮ ತಲೆ ಇನ್ನೂ ಬಾಯೇ ಬಿಟ್ಟಿರೋದಿಲ್ಲ.

ಕಾಲು ಮುರಿದರೆ ಅಲ್ಲೇ ಗೊತ್ತಾಗುತ್ತೆ. ಮಿದುಳಿನ ವಿಷಯ ಹಾಗಲ್ಲ. ಬುರುಡೆಯೊಳಗೆ ದ್ರವದ ನಡುವೆ ಇರುವ ಮೆತ್ತನೆಯ ಅಂಗ ಅದು. ಓಡ್ತಿದ್ದ ತಲೆ ಗಕ್ಕನೆ ನಿಂತಾಗ ಒಳಗಿರುವ ಮಿದುಳು ಅಲುಗಾಡುತ್ತೆ. ಡಾಕ್ಟರುಗಳು ಇದನ್ನೇ ಕನ್‌ಕಷನ್ ಅಂತಾರೆ. ಇದಕ್ಕೆ ಪ್ರಜ್ಞೆ ತಪ್ಪಲೇಬೇಕು ಅಂತಿಲ್ಲ, ರಕ್ತ ಸುರಿಯಬೇಕು ಅಂತಲೂ ಇಲ್ಲ. ಹೆಲ್ಮೆಟ್ ಜೀವ ಉಳಿಸುತ್ತೆ, ಹಾಕ್ಕೊಳ್ಳಲೇಬೇಕು. ಆದರೆ ಒಳಗಿನ ಅಲುಗಾಟವನ್ನು ಅದು ಪೂರ್ತಿ ತಡೆಯಲಾರದು. ತಲೆನೋವು, ತಲೆಸುತ್ತು, ವಾಕರಿಕೆ, ಬೆಳಕು ಕಂಡರೆ ಹಿಂಸೆ, ಹೇಳಿದ್ದು ಮರೆತುಹೋಗೋದು, ಸುಮ್‌ಸುಮ್ನೆ ಸಿಟ್ಟು, ಇವೆಲ್ಲ ಕೆಲವರಿಗೆ ಕೆಲವು ಗಂಟೆ ಕಳೆದು ಕಾಣಿಸಿಕೊಂಡರೆ ಇನ್ನು ಕೆಲವರಿಗೆ ಒಂದೆರಡು ದಿನ ಬಿಟ್ಟು ಬರುತ್ತೆ. ಸಿ.ಟಿ. ಸ್ಕ್ಯಾನ್ ನಾರ್ಮಲ್ ಇದ್ದರೂ ಬರಬಹುದು, ಯಾಕಂದ್ರೆ ಆ ಸ್ಕ್ಯಾನ್ ಮುಖ್ಯವಾಗಿ ಹುಡುಕೋದು ರಕ್ತಸ್ರಾವ ಮತ್ತು ಬಿರುಕನ್ನು. ಹೆಚ್ಚಿನವರು ಕೆಲವು ವಾರಗಳಲ್ಲಿ ಸುಧಾರಿಸಿಕೊಳ್ತಾರೆ, ಕೆಲವರನ್ನು ಇದು ತಿಂಗಳುಗಟ್ಟಲೆ ಕಾಡುತ್ತೆ.

ಆದರೆ ಕೆಲವು ಲಕ್ಷಣ ಕಂಡರೆ ಮಾತ್ರ ಒಂದು ನಿಮಿಷವೂ ಕಾಯಬೇಡಿ. ತಲೆನೋವು ಏರ್ತಾ ಹೋಗೋದು, ಮತ್ತೆಮತ್ತೆ ವಾಂತಿ, ಮಾತು ತೊದಲೋದು, ಒಂದು ಕೈಯೋ ಕಾಲೋ ಬಲ ಕಳೆದುಕೊಳ್ಳೋದು, ಎಬ್ಬಿಸಿದರೂ ಏಳದ ನಿದ್ದೆ. ಇದು ಒಳಗೆ ರಕ್ತ ತುಂಬಿಕೊಳ್ತಿರೋದರ ಸೂಚನೆ ಇರಬಹುದು. ಬ್ರಿಟಿಷ್ ನಟಿ ನತಾಶಾ ರಿಚರ್ಡ್‌ಸನ್ 2009ರ ಮಾರ್ಚ್‌ನಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಸ್ಕೀಯಿಂಗ್ ಕಲಿಯುವಾಗ ಬಿದ್ದರು. ಎದ್ದು ಆರಾಮಾಗಿ ಮಾತಾಡಿದರು, ವೈದ್ಯರು ಬೇಡ ಅಂದರು. ಸ್ವಲ್ಪ ಹೊತ್ತಿಗೆ ತಲೆನೋವು ಶುರುವಾಯ್ತು. ಎರಡು ದಿನದಲ್ಲಿ ತೀರಿಕೊಂಡರು, ವಯಸ್ಸು ಬರೀ 45. ಮನೆಯಲ್ಲಿ ವಯಸ್ಸಾದವರು, ರಕ್ತ ತೆಳುಮಾಡೋ ಮಾತ್ರೆ ತಗೊಳ್ಳೋರು ಬಿದ್ದಿದ್ದರೆ ವಾರಗಳ ನಂತರವೂ ಒಂದು ಕಣ್ಣಿಟ್ಟಿರಿ.

ಇದು ಆರೋಗ್ಯದ ಮಾತಾಯ್ತು. ಈಗ ದುಡ್ಡಿನ ಮಾತಿಗೆ ಬರೋಣ, ಅದನ್ನಾಡೋಕೆ ನಾಚಿಕೆ ಬೇಕಿಲ್ಲ.

ನಮ್ಮ ಫೋನ್-ಇನ್ ಕಾರ್ಯಕ್ರಮಕ್ಕೆ ತುಮಕೂರು ಕಡೆಯಿಂದ ಒಬ್ಬ ಹೆಣ್ಣುಮಗಳು ಕರೆ ಮಾಡಿದ್ದಳು. ‘ಸಾರ್, ನಮ್ಮೆಜಮಾನ್ರು ಪೇಂಟಿಂಗ್ ಕೆಲಸಕ್ಕೆ ಹೋಗ್ತಾರೆ. ಕಾರು ಹಿಂದಿನಿಂದ ಗುದ್ತು. ಅವತ್ತು ಏನೂ ಇರ್ಲಿಲ್ಲ. ಮೂರನೇ ದಿನ ವಾಂತಿ ಶುರುವಾಯ್ತು. ಈಗ ಏಣಿ ಹತ್ತಿದ್ರೆ ತಲೆ ಸುತ್ತುತ್ತೆ, ಕೆಲಸಕ್ಕೆ ಹೋಗಿ ತಿಂಗಳಾಯ್ತು.’ ಆಸ್ಪತ್ರೆ ಚೀಟಿಯಲ್ಲಿ ಏನು ಬರೆದಿದ್ದಾರಮ್ಮಾ ಅಂತ ಕೇಳಿದೆ. ‘ಪೊಲೀಸು, ಕೋರ್ಟು ಯಾಕೆ ಅಂತ ತಾನೇ ಜಾರಿಬಿದ್ದೆ ಅಂದುಬಿಟ್ರು ಸಾರ್.’

ಸಮಸ್ಯೆ ಇರೋದೇ ಇಲ್ಲಿ. ‘ತಾನೇ ಬಿದ್ದದ್ದು’ ಅನ್ನುವ ಆ ಎರಡು ಪದ ನಾಳೆ ಇನ್ಶೂರೆನ್ಸ್ ಕಂಪನಿ ವಕೀಲರ ಕೈಗೆ ಸಿಕ್ಕಿತು ಅಂದ್ರೆ ಮುಗೀತು. ಸುಳ್ಳು ಕ್ಲೇಮ್ ಹಾಕೋರ ಜಾಲವೂ ನಮ್ಮಲ್ಲಿ ಇದೆ, ಅದಕ್ಕೇ ತಡವಾಗಿ ಬಂದ ಕಾಗದವನ್ನು ನ್ಯಾಯಮಂಡಳಿ ಅನುಮಾನದಿಂದ ನೋಡುತ್ತೆ. ಏಟು ತಿನ್ನೋನು ಮಾತ್ರ ಪ್ರಾಮಾಣಿಕ.

ನಾನು ಇನ್ನೊಂದು ಪ್ರಶ್ನೆ ಕೇಳಿದೆ: ಕಾರಿನವರು ದುಡ್ಡು ಕೊಟ್ರಾ? ‘ಎರಡು ಸಾವಿರ ಫೋನ್‌ಪೇ ಮಾಡಿದ್ರು.’ ಹಾಗಾದ್ರೆ ದಾರಿ ಇದೆ! ದುಡ್ಡು ಕಳಿಸಿದವರ ಹೆಸರು, ದಿನ, ಸಮಯ ಎಲ್ಲ ಆ ಫೋನಿನಲ್ಲೇ ಇದೆ. ಜಂಕ್ಷನ್ನಿನ ಅಂಗಡಿಯ ಸಿಸಿಟಿವಿ ದೃಶ್ಯ ಅಳಿಸಿಹೋಗೋ ಮೊದಲು ಕೇಳಿ, ನೋಡಿದವರನ್ನು ಹುಡುಕಿ. ನಡೆದದ್ದನ್ನು ನಡೆದ ಹಾಗೇ, ಮೊದಲು ಯಾಕೆ ಹೇಳಲಿಲ್ಲ ಅನ್ನೋದನ್ನೂ ಸೇರಿಸಿ, ಪೊಲೀಸರಿಗೆ ದೂರು ಕೊಡಿ ಅಂದೆ. ದೂರು ತಡವಾಯಿತು ಅನ್ನೋ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಏಟು ಬಿದ್ದವರ ಮನೆಯವರು ಮೊದಲು ಓಡೋದು ಆಸ್ಪತ್ರೆಗೆ, ಠಾಣೆಗಲ್ಲ ಅನ್ನೋದು ನ್ಯಾಯಮೂರ್ತಿಗಳಿಗೂ ಗೊತ್ತು.

ಸುಪ್ರೀಂ ಕೋರ್ಟಿನ ಇನ್ನೊಂದು ತೀರ್ಪು ಈ ಪೇಂಟರ್‌ನಂಥವರಿಗೆ ಇನ್ನೂ ಮುಖ್ಯ. ಅಂಗವೈಕಲ್ಯ ಶೇಕಡಾ ಎಷ್ಟು ಅನ್ನೋ ಡಾಕ್ಟರ ಅಂಕಿ ಒಂದೇ ಸಾಲದು, ಆ ಏಟಿನಿಂದ ಆ ಮನುಷ್ಯನ ಸಂಪಾದನೆಗೆ ಎಷ್ಟು ಪೆಟ್ಟು ಬಿತ್ತು ಅಂತ ನೋಡಬೇಕು ಅಂದಿತು ಕೋರ್ಟು. ಕುರ್ಚಿ ಮೇಲೆ ಕೂತು ಕೆಲಸ ಮಾಡೋ ನನಗೆ ತಲೆಸುತ್ತು ಅಂದ್ರೆ ಎರಡು ದಿನ ರಜೆ. ಏಣಿ ಮೇಲೆ ನಿಲ್ಲೋನಿಗೆ ಅದು ಅನ್ನದ ಪ್ರಶ್ನೆ.

ಹಾಗಾದ್ರೆ ಬಿದ್ದ ದಿನವೇ ಏನು ಮಾಡಬೇಕು? ಗಾಡಿ ನಂಬರ್ ಫೋಟೋ ತೆಗೆದುಕೊಳ್ಳಿ. ಅವತ್ತೇ ಆಸ್ಪತ್ರೆಗೆ ಹೋಗಿ, ಯಾವ ಗಾಡಿ, ಹೇಗೆ ಗುದ್ದಿತು, ತಲೆಗೆ ಏಟು ಬಿದ್ದಿದೆ ಅಂತ ಹೇಳಿ ಬರೆಸಿ. ಎಂ.ಎಲ್.ಸಿ. ಅಂದ್ರೆ ಹೆದರಬೇಡಿ. ಮೊದಲು ಚಿಕಿತ್ಸೆ, ಪೊಲೀಸ್ ಪ್ರಕ್ರಿಯೆ ಆಮೇಲೆ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಆಸ್ಪತ್ರೆಗಳಿಗೆ ಹೇಳಿಯಾಗಿದೆ. ಆಮೇಲೆ ಹೊಸ ಲಕ್ಷಣ ಏನಾದರೂ ಕಂಡರೆ ಮತ್ತೆ ಹೋಗಿ, ಅದನ್ನೂ ತಾರೀಖು ಸಮೇತ ಬರೆಸಿ. ಕೆಲಸಕ್ಕೆ ಹೋಗದ ದಿನಗಳ ಲೆಕ್ಕ, ಮಾತ್ರೆ ಬಿಲ್ಲು, ಆಟೋ ಖರ್ಚು ಎಲ್ಲ ಒಂದು ಕವರಿನಲ್ಲಿ ಹಾಕಿಡಿ. ‘ಪಾಪ, ಕಾರಿನವನಿಗೆ ಯಾಕೆ ತೊಂದರೆ’ ಅನ್ನೋರಿಗೆ ಒಂದು ಮಾತು: ಥರ್ಡ್ ಪಾರ್ಟಿ ವಿಮೆ ಕಡ್ಡಾಯ ಮಾಡಿರೋದೇ ಇದಕ್ಕೆ, ಅದಿದ್ದರೆ ಸಾಮಾನ್ಯವಾಗಿ ಹಣ ಕಟ್ಟೋದು ಕಂಪನಿ. ಗುದ್ದಿ ಓಡಿಹೋದ ಗಾಡಿ ಪತ್ತೆಯೇ ಆಗದಿದ್ದರೆ, ಗಂಭೀರ ಗಾಯಕ್ಕೆ 50 ಸಾವಿರ ಕೊಡುವ ಸರ್ಕಾರದ ಯೋಜನೆ 2022ರಿಂದ ಇದೆ.

ಗಡುವಿನ ಮಾತು ಒಂದು ಉಳಿದಿದೆ. ಮೊದಲು ಬಹುಕಾಲ ಕ್ಲೇಮ್ ಅರ್ಜಿಗೆ ಗಡುವೇ ಇರಲಿಲ್ಲ. 2022ರ ಏಪ್ರಿಲ್ 1ರಿಂದ ಅಪಘಾತವಾದ 6 ತಿಂಗಳೊಳಗೆ ಹಾಕಬೇಕು ಅನ್ನೋ ನಿಯಮ ಬಂದಿದೆ. ಇದು ಸರಿಯೇ ಅಂತ ಕೋರ್ಟುಗಳಲ್ಲಿ ಪ್ರಶ್ನೆ ಎದ್ದಿದೆ, ಆದರೆ ಅದನ್ನು ನಂಬಿಕೊಂಡು ಕೂರಬೇಡಿ. ಎಣಿಕೆ ಶುರುವಾಗೋದು ತಲೆನೋವು ಬಂದ ದಿನದಿಂದಲ್ಲ, ಗಾಡಿ ಗುದ್ದಿದ ದಿನದಿಂದ. ಅಪಘಾತ ಬೇರೆ ಜಿಲ್ಲೆಯಲ್ಲಿ ಆಗಿದ್ದರೂ ನೀವು ವಾಸವಿರುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು, ಅದಕ್ಕಾಗಿ ಬಸ್ ಹತ್ತಿ ಅಲ್ಲಿಗೆ ಅಲೆಯಬೇಕಿಲ್ಲ.